ಮಿಯಾಟಾಗೆ ಕೋನಿ ಹಳದಿ ಡ್ಯಾಂಪರ್: ತಿರುವಿಗೆ ಎಷ್ಟು ಒದಗುತ್ತದೆ?

ಮಾಜ್ದಾ ಎಂಎಕ್ಸ್-5 ಕಾರನ್ನು ಅಮೆರಿಕದವರು ಮಿಯಾಟಾ ಎನ್ನುತ್ತಾರೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೋ ಶೋದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಇದ್ದದ್ದು ಒಂದು ಟನ್ನಿಗಿಂತ ಕಡಿಮೆ ತೂಕ, 1.6 ಲೀಟರ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ನಾಲ್ಕೂ ಚಕ್ರಗಳಿಗೆ ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. 1997ರವರೆಗಿನ ಮೊದಲ ತಲೆಮಾರಿಗೆ ಎನ್‌ಎ ಎಂದೂ ನಂತರ 2005ರವರೆಗೆ ಬಂದದ್ದಕ್ಕೆ ಎನ್‌ಬಿ ಎಂದೂ ಹೆಸರು. ಇವೆರಡರ ಸಸ್ಪೆನ್ಷನ್ ಹೆಚ್ಚುಕಡಿಮೆ ಒಂದೇ. ಈ ಗಾಡಿಗಳು ಈಗ ಹಳೆಯವಾಗಿವೆ, ಕಾರ್ಖಾನೆಯಿಂದ ಬಂದ ಡ್ಯಾಂಪರುಗಳು (ಶಾಕ್ ಅಬ್ಸಾರ್ಬರುಗಳು) ಬಹುತೇಕ ಸೋತಿವೆ. ಅವುಗಳ ಜಾಗಕ್ಕೆ ಏನು ಹಾಕಬೇಕು ಎಂದು ಕೇಳಿದರೆ ಹಳಬರ ಬಾಯಲ್ಲಿ ಮೊದಲು ಬರುವುದು ಕೋನಿ ಸ್ಪೋರ್ಟ್, ಅಂದರೆ ಆ ಹಳದಿ ಬಣ್ಣದ ಡ್ಯಾಂಪರ್. ಅದರ ಜೊತೆಗೆ ಗ್ರೌಂಡ್ ಕಂಟ್ರೋಲ್‌ನ ಮರೆ (ಥ್ರೆಡ್) ಇರುವ ಅಲ್ಯೂಮಿನಿಯಂ ಸ್ಲೀವ್, ಅಂದರೆ ಡ್ಯಾಂಪರ್ ಮೈಗೆ ತೊಡಿಸಿ ಸ್ಪ್ರಿಂಗ್ ಆಸನವನ್ನು ತಿರುಗಿಸಿ ಏರಿಳಿಸುವ ಕೊಳವೆ, ಐಬಾಕ್‌ನ ಎರಡೂವರೆ ಇಂಚು ಒಳವ್ಯಾಸದ ಸ್ಪ್ರಿಂಗ್. ಈ ಮೂರೂ ಸೇರಿದ ಜೋಡಣೆಯನ್ನೇ ಇಲ್ಲಿ ಒರೆಗೆ ಹಚ್ಚುತ್ತಿದ್ದೇವೆ. ಸ್ಪ್ರಿಂಗ್ ಬಿಗಿತ ಮುಂದೆ ಇಂಚಿಗೆ 375 ಪೌಂಡ್, ಹಿಂದೆ 250 ಪೌಂಡ್.

ತೀರ್ಮಾನ ಮೊದಲೇ ಹೇಳಿಬಿಡೋಣ. ರಸ್ತೆಯಲ್ಲೂ ಓಡಿಸಿ, ತಿಂಗಳಿಗೊಮ್ಮೆ ಟ್ರ್ಯಾಕಿಗೂ ಒಯ್ಯುವವರಿಗೆ ಇದು ಇಂದಿಗೂ ಒಳ್ಳೆಯ ಖರೀದಿ. ಆದರೆ ಡಬ್ಬದಿಂದ ತೆಗೆದು ಸಿಕ್ಕಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿಬಿಟ್ಟರೆ ಮೂಲ ಸಸ್ಪೆನ್ಷನ್‌ಗಿಂತ ಕೆಟ್ಟದಾಗಿ ತಿರುಗುತ್ತದೆ. ಕಾರಣ ಡ್ಯಾಂಪರ್ ಅಲ್ಲ, ಅದಕ್ಕೆ ಉಳಿದಿರುವ ಚಲನೆಯ ಜಾಗ.

ಈ ಗಾಡಿಯ ನಿಜವಾದ ದೌರ್ಬಲ್ಯ ಅದೇ. ಮಿಯಾಟಾದ ಡ್ಯಾಂಪರ್ ಗಿಡ್ಡ. ಗಾಡಿ ನಿಂತಿರುವಾಗಲೇ ಡ್ಯಾಂಪರ್ ಮೈಗೂ, ಚಲನೆಯ ಕೊನೆಯಲ್ಲಿ ತಡೆಯುವ ಮೇಲಿನ ರಬ್ಬರ್ ದಿಂಡು ಅಂದರೆ ಬಂಪ್ ಸ್ಟಾಪ್‌ಗೂ ನಡುವೆ ಹೆಚ್ಚು ಅಂತರವಿಲ್ಲ. ಗಾಡಿಯನ್ನು 40 ಮಿ.ಮೀ. ತಗ್ಗಿಸಿದರೆ ಆ ಅಂತರವೂ ಹೋಯಿತು. ಆಮೇಲೆ ತಿರುವಿನಲ್ಲಿ ಗಾಡಿ ವಾಲಿದಾಗ ಹೊರಬದಿಯ ಚಕ್ರದ ಭಾರ ಹೊರುವುದು ಸ್ಪ್ರಿಂಗ್ ಅಲ್ಲ, ಬಂಪ್ ಸ್ಟಾಪ್. ಅದು ಅದುಮಿಕೊಂಡಷ್ಟೂ ಬಿಗಿತ ಹಲವು ಪಟ್ಟು ಏರುತ್ತದೆ. ಮುಂದಿನದು ಮೊದಲು ತಾಗಿದರೆ ಮೂತಿ ತಿರುಗದೆ ನೇರ ನುಗ್ಗುತ್ತದೆ. ಹಿಂದಿನದು ತಾಗಿದರೆ ಹಿಂಬದಿ ಮುನ್ಸೂಚನೆಯಿಲ್ಲದೆ ಕಿತ್ತುಕೊಂಡು ತಿರುಗುತ್ತದೆ. "ಮಿಯಾಟಾ ತಟ್ಟನೆ ಜಾರುತ್ತದೆ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಹಾಗಾಗಿ ಕೋನಿಯ ಜೊತೆಗೆ ಎರಡು ಸಣ್ಣ ಸಾಮಾನು ಸೇರಿಸದೆ ಕೆಲಸ ಶುರುಮಾಡಬೇಡಿ. ಒಂದು, ಎನ್‌ಎ ಗಾಡಿಯಾದರೆ ಎನ್‌ಬಿಯ ಟಾಪ್ ಮೌಂಟ್ (ಡ್ಯಾಂಪರಿನ ಮೇಲ್ತುದಿಯನ್ನು ಗಾಡಿಯ ಮೈಗೆ ಹಿಡಿಸುವ ಭಾಗ). ನೇರ ಕೂರುತ್ತದೆ, ಡ್ಯಾಂಪರಿಗೆ ಹೆಚ್ಚು ಚಲನೆ ಕೊಡುತ್ತದೆ. ಇನ್ನೊಂದು, ಗಟ್ಟಿ ರಬ್ಬರಿನ ಉದ್ದನೆಯ ಬಂಪ್ ಸ್ಟಾಪ್ ತೆಗೆದು 35ರಿಂದ 45 ಮಿ.ಮೀ. ಉದ್ದದ ಯುರಿಥೇನ್ ನೊರೆಯ ಸ್ಟಾಪ್. ನೊರೆಯದು ಮೆಲ್ಲಗೆ ಬಿಗಿಯಾಗುತ್ತ ಹೋಗುವುದರಿಂದ ತಾಗಿದರೂ ಗಾಡಿ ಬೆದರುವುದಿಲ್ಲ. ಬಂಪ್ ಸ್ಟಾಪನ್ನು ಪೂರ್ತಿ ಕಿತ್ತೆಸೆಯುವವರೂ ಇದ್ದಾರೆ. ಅದು ತಪ್ಪು. ಒಂದು ಗುಂಡಿಗೆ ಬಿದ್ದರೆ ಡ್ಯಾಂಪರಿನ ಒಳಗೆ ಲೋಹಕ್ಕೆ ಲೋಹ ಬಡಿದು ವಾಲ್ವ್ ಮುರಿಯುತ್ತದೆ.

ಚಲನೆ ಸಾಕಷ್ಟಿದೆಯೇ ಎಂದು ನೋಡುವುದು ಸುಲಭ. ಧೂಳಿನ ಟೊಪ್ಪಿ ತೆಗೆದು, ಡ್ಯಾಂಪರಿನ ಹೊಳೆಯುವ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಬಿಗಿಯಾಗಿ ಕಟ್ಟಿ, ಕೆಳಗೆ ಡ್ಯಾಂಪರ್ ಮೈಗೆ ತಾಗುವಂತೆ ಸರಿಸಿಡಿ. ನಾಲ್ಕು ಸುತ್ತು ಓಡಿಸಿ ಬಂದು ಟೈ ಎಷ್ಟು ಮೇಲೆ ಹೋಗಿದೆ ನೋಡಿ. ಬಂಪ್ ಸ್ಟಾಪಿನ ಅರ್ಧಕ್ಕಿಂತ ಹೆಚ್ಚು ಅದುಮಿದ್ದರೆ ಗಾಡಿಯನ್ನು 5 ಮಿ.ಮೀ. ಎತ್ತಿ ಮತ್ತೆ ನೋಡಿ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿಗೆ ಅಳೆಯಿರಿ. ಮುಂದೆ 325 ಮಿ.ಮೀ., ಹಿಂದೆ 330ರಿಂದ 335 ಮಿ.ಮೀ. ಇಟ್ಟರೆ ಈ ಸ್ಪ್ರಿಂಗ್‌ಗಳೊಂದಿಗೆ ರಸ್ತೆಗೂ ಟ್ರ್ಯಾಕಿಗೂ ಹೊಂದುತ್ತದೆ. 315ಕ್ಕಿಂತ ಕೆಳಗೆ ಇಳಿಸಿದ ಗಾಡಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇನ್ನು ಸ್ಪ್ರಿಂಗ್ ಬಿಗಿತದ ಮಾತು. 375 ಏಕೆ, 500 ಏಕಲ್ಲ? ಚಕ್ರದ ಮೇಲೆ ನಿಜವಾಗಿ ಬೀಳುವ ಬಿಗಿತ ಸ್ಪ್ರಿಂಗಿನದಲ್ಲ. ಸ್ಪ್ರಿಂಗ್ ಕೂತಿರುವುದು ಚಕ್ರ ಹಿಡಿದಿರುವ ಸಸ್ಪೆನ್ಷನ್ ತೋಳಿನ ಒಳಭಾಗದಲ್ಲಿ, ಹಾಗಾಗಿ ಚಕ್ರ 10 ಮಿ.ಮೀ. ಏರಿದರೆ ಸ್ಪ್ರಿಂಗ್ ಅದುಮುವುದು ಅದಕ್ಕಿಂತ ಕಡಿಮೆ. ಈ ಅನುಪಾತವನ್ನು ಮುಂದೆ ಸುಮಾರು 0.7 ಎಂದು ಹಿಡಿದರೆ, ಅದರ ವರ್ಗ 0.49. ಇಂಚಿಗೆ 375 ಪೌಂಡ್ ಎಂದರೆ ಮಿ.ಮೀ.ಗೆ 65.7 ನ್ಯೂಟನ್. ಅದನ್ನು 0.49ರಿಂದ ಗುಣಿಸಿದರೆ ಚಕ್ರದಲ್ಲಿ ಉಳಿಯುವುದು 32 ನ್ಯೂಟನ್. ಮುಂದಿನ ಒಂದು ಮೂಲೆಯ ಮೇಲೆ 220 ಕೆ.ಜಿ. ಇದ್ದರೆ ಅದರ ಸಹಜ ಕಂಪನ ಸೆಕೆಂಡಿಗೆ 1.9 ಬಾರಿ. ಹಿಂದೆ ಅನುಪಾತ 0.75, ಭಾರ 200 ಕೆ.ಜಿ. ಎಂದು ಹಿಡಿದರೆ 250 ಪೌಂಡಿನ ಸ್ಪ್ರಿಂಗಿಗೆ ಸುಮಾರು 1.8 ಬರುತ್ತದೆ. ಸಾಮಾನ್ಯ ರಸ್ತೆ ಕಾರುಗಳು ಒಂದರಿಂದ ಒಂದೂವರೆಯ ನಡುವೆ ಇರುತ್ತವೆ. ಎರಡರ ಹತ್ತಿರ ಬಂದರೆ ಗಾಡಿ ಚುರುಕು, ಆದರೆ ಬೆನ್ನು ತಾಳಿಕೊಳ್ಳಬಲ್ಲದು. ಎರಡೂವರೆ ದಾಟಿದರೆ ಅದು ರೇಸ್ ಗಾಡಿ, ನುಣುಪಾದ ಡಾಂಬರಿಗೆ ಮಾತ್ರ.

ಮಿಯಾಟಾಗಳಷ್ಟೇ ಓಡುವ ಸ್ಪೆಕ್ ಮಿಯಾಟಾ ರೇಸಿನಲ್ಲಿ ಮುಂದೆ 700, ಹಿಂದೆ 325 ಪೌಂಡ್ ಸ್ಪ್ರಿಂಗ್ ಬಳಸುತ್ತಾರೆ, ನಾವೂ ಅದನ್ನೇ ಹಾಕೋಣ ಎನ್ನುವವರಿಗೆ ಇದೇ ಉತ್ತರ. ಆ ಅಂಕಿಗಳು ರೇಸ್ ಟೈರು, ರೋಲ್ ಕೇಜಿನಿಂದ ಗಟ್ಟಿಯಾದ ಮೈ, ಬೇರೆ ಡ್ಯಾಂಪರ್ ಎಲ್ಲವನ್ನೂ ಕೂಡಿಸಿಕೊಂಡು ನಿಯಮದಲ್ಲಿ ನಿಗದಿಯಾದವು. ಕೋನಿ ಹಳದಿಗೆ 700 ಪೌಂಡಿನ ಸ್ಪ್ರಿಂಗ್ ಹಾಕಿದರೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಡ್ಯಾಂಪರಿನ ಇತಿಮಿತಿ ಇಲ್ಲಿದೆ. ಕೋನಿ ಹಳದಿಯಲ್ಲಿ ನಮ್ಮ ಕೈಗೆ ಸಿಗುವುದು ರಿಬೌಂಡ್ ಮಾತ್ರ, ಅಂದರೆ ಅದುಮಿದ ಸ್ಪ್ರಿಂಗ್ ಮತ್ತೆ ಹಿಗ್ಗುವಾಗಿನ ತಡೆ. ಅದುಮುವಾಗಿನ ತಡೆ ಕಾರ್ಖಾನೆಯಲ್ಲೇ ಕೂಡಿಸಿಟ್ಟದ್ದು, ಬದಲಿಸಲಾಗದು, ಅದೂ ಸೌಮ್ಯವಾಗಿದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಇದೇ ಇದರ ದೊಡ್ಡ ಗುಣ. ಕ್ಯಾಲಿಫೋರ್ನಿಯದ ಬೇ ಏರಿಯಾದಲ್ಲಿ ನೆಲೆಸಿರುವ ನಮ್ಮವರು ಬಹಳ ಮಂದಿ ವಾರಾಂತ್ಯಕ್ಕೆ ಸಾರಾಟೋಗಾದಿಂದ ಹೈವೇ 9 ಹತ್ತಿ ಸ್ಕೈಲೈನ್ ರಸ್ತೆಗೆ ಹೋಗುತ್ತಾರಲ್ಲ, ಅಂಥ ತೇಪೆ ಹಾಕಿದ ಬೆಟ್ಟದ ತಿರುವುಗಳಲ್ಲಿ ಚಕ್ರ ನೆಲ ಬಿಡುವುದಿಲ್ಲ. ಅಗ್ಗದ, ಸ್ಪ್ರಿಂಗ್ ಡ್ಯಾಂಪರ್ ಕೂಡಿಸಿಯೇ ಮಾರುವ ಪೂರ್ಣ ಕಾಯಿಲ್‌ಓವರ್‌ಗಳಲ್ಲಿ ಮೂವತ್ತೆರಡು ಕ್ಲಿಕ್ ಇರಬಹುದು. ಆದರೆ ಬಹುಪಾಲು ಅವುಗಳ ಹೊಂದಾಣಿಕೆಯ ಗುಂಡಿ ಅದುಮುವ ತಡೆ, ಹಿಗ್ಗುವ ತಡೆ ಎರಡನ್ನೂ ಒಟ್ಟಿಗೇ ಏರಿಸುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಅದಕ್ಕಿಂತ ಒಂದೇ ತಡೆಯನ್ನು ಸರಿಯಾಗಿ ತಿದ್ದಲು ಬಿಡುವ ಕೋನಿ ಮೇಲು.

ಇದರ ಮಿತಿ, ನಮ್ಮ ಲೆಕ್ಕದಲ್ಲಿ, ಮುಂದೆ 400 ಪೌಂಡಿನ ಆಸುಪಾಸು. ಅದರಾಚೆಗೆ ರಿಬೌಂಡ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟುಕೊಳ್ಳಬೇಕಾಗುತ್ತದೆ, ಆಮೇಲೆ ತಿದ್ದಲು ಏನೂ ಉಳಿಯುವುದಿಲ್ಲ. ಇನ್ನೊಂದು ಕೊರತೆ ಬಿಸಿ. ಇದು ಎರಡು ಕೊಳವೆಯ ಡ್ಯಾಂಪರ್. ಒಳಕೊಳವೆಯ ಎಣ್ಣೆಯ ಶಾಖ ಹೊರಗಾಳಿಗೆ ನೇರ ತಲುಪುವುದಿಲ್ಲ. ಇಪ್ಪತ್ತು ನಿಮಿಷದ ಟ್ರ್ಯಾಕ್ ಸರದಿಗೆ ತೊಂದರೆಯಿಲ್ಲ. ಗಂಟೆಗಟ್ಟಲೆ ಓಡಿಸುವ ಎಂಡ್ಯೂರೆನ್ಸ್ ರೇಸಿಗೆ ಬಿಲ್‌ಸ್ಟೀನ್‌ನಂಥ ಒಂಟಿ ಕೊಳವೆಯ, ಗ್ಯಾಸ್ ಒತ್ತಡದ ಡ್ಯಾಂಪರ್ ಸರಿ.

ಕೂರಿಸುವ ಕೆಲಸ ಒಂದು ದಿನದ್ದು. ಚಕ್ರ ತೆಗೆದು, ಆಂಟಿ-ರೋಲ್ ಬಾರಿನ (ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳಿನ) ಲಿಂಕ್ ಬಿಚ್ಚಿ, ಮೇಲಿನ ಮೌಂಟಿನ ನಟ್‌ಗಳು ಮತ್ತು ಕೆಳಗಿನ ಬೋಲ್ಟ್ ತೆಗೆದರೆ ಹಳೆಯದು ಹೊರಬರುತ್ತದೆ. ಹಿಂದಿನ ಮೌಂಟಿಗೆ ಡಿಕ್ಕಿಯ ಒಳಗಿನಿಂದ ಕೈ ಹಾಕಬೇಕು. ಹಳೆಯ ಸ್ಪ್ರಿಂಗ್ ಬಿಚ್ಚುವಾಗ ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಇರಲೇಬೇಕು, ಅದು ಜಾರಿದರೆ ಕೈಯೇ ಹೋಗಬಹುದು. ಹೊಸದರಲ್ಲಿ ಆ ಅಪಾಯವಿಲ್ಲ, ಸ್ಪ್ರಿಂಗ್ ಗಿಡ್ಡ, ಕೈಯಲ್ಲೇ ಕೂರುತ್ತದೆ. ಗ್ರೌಂಡ್ ಕಂಟ್ರೋಲ್ ಸ್ಲೀವ್ ಕೋನಿಯ ಮೈಮೇಲೆ ಕೊರೆದ ಗೀರಿನಲ್ಲಿ ಕೂಡಿಸುವ ಉಕ್ಕಿನ ರಿಂಗಿನ ಮೇಲೆ ನಿಲ್ಲುತ್ತದೆ. ಆ ರಿಂಗ್ ಅತಿ ಕೆಳಗಿನ ಗೀರಿನಲ್ಲೇ ಇರಬೇಕು. ಮೇಲಿನದರಲ್ಲಿ ಬಿಟ್ಟರೆ ಗಾಡಿ ಬೇಕಾದಷ್ಟು ಇಳಿಯುವುದೇ ಇಲ್ಲ. ಸ್ಲೀವಿಗೂ ಡ್ಯಾಂಪರಿಗೂ ನಡುವಿನ ಓ-ರಿಂಗ್ ಮರೆತರೆ ಸ್ಲೀವ್ ಅಲುಗಾಡಿ ಪ್ರತಿ ಉಬ್ಬಿಗೂ ಕಟಕಟ ಸದ್ದು ಬರುತ್ತದೆ. ಜ್ಯಾಕ್ ಮೇಲೆ ಎತ್ತಿದಾಗ ಸ್ಪ್ರಿಂಗ್ ಸಡಿಲಾಗಿ ಕುಣಿಯುತ್ತಿದ್ದರೆ ಮೇಲೊಂದು ತೆಳು ಹೆಲ್ಪರ್ ಸ್ಪ್ರಿಂಗ್ ಹಾಕಿ, ಇಲ್ಲದಿದ್ದರೆ ಚಕ್ರ ನೆಲ ಬಿಟ್ಟು ಮತ್ತೆ ಕೂರುವಾಗ ಸ್ಪ್ರಿಂಗ್ ಓರೆಯಾಗಿ ಕಚ್ಚಿಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಮಾಡುವ ತಪ್ಪು ಬೇರೆಯೇ ಇದೆ. ಸಸ್ಪೆನ್ಷನ್ ತೋಳುಗಳ ಬುಷ್ (ಕೀಲಿನ ರಬ್ಬರ್) ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲಿರುವಾಗಲೇ ಬಿಗಿದುಬಿಡುವುದು. ಮಿಯಾಟಾದ ಮೂಲ ಬುಷ್‌ಗಳು ಲೋಹಕ್ಕೆ ಅಂಟಿಸಿದ ರಬ್ಬರಿನವು, ಅವು ತಿರುಗುವುದಿಲ್ಲ, ತಿರುಚಿಕೊಳ್ಳುತ್ತವೆ. ತೋಳು ಕೆಳಗೆ ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಮೇಲೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಎತ್ತರದ ಅಳತೆ ಸುಳ್ಳಾಗುತ್ತದೆ, ಕೆಲವೇ ತಿಂಗಳಲ್ಲಿ ರಬ್ಬರು ಹರಿಯುತ್ತದೆ. ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿ ಇಳಿಸಿ, ಸ್ವಲ್ಪ ಮುಂದಕ್ಕೂ ಹಿಂದಕ್ಕೂ ಉರುಳಿಸಿ, ಚಕ್ರದ ಮೇಲೆ ಭಾರ ಇರುವಾಗಲೇ ಕೊನೆಯ ಬಿಗಿತ ಕೊಡಬೇಕು.

ಅಲೈನ್‌ಮೆಂಟ್ ವಿಚಾರದಲ್ಲಿ ಮಾಜ್ದಾದವರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ನಾಲ್ಕೂ ಚಕ್ರಗಳ ಕೆಳತೋಳಿಗೆ ಎರಡೆರಡು ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ತೋಳು ಒಳಹೊರಗೆ ಸರಿಯುವ ಬೋಲ್ಟ್) ಇವೆ. ಅವನ್ನು ತಿರುಗಿಸಿ ಮುಂದೆ ಕ್ಯಾಂಬರ್, ಕ್ಯಾಸ್ಟರ್, ಹಿಂದೆ ಕ್ಯಾಂಬರ್, ಟೋ ತಿದ್ದಬಹುದು. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲು (ಮೇಲ್ತುದಿ ಒಳಕ್ಕಿದ್ದರೆ ಋಣ), ಕ್ಯಾಸ್ಟರ್ ಎಂದರೆ ಚಕ್ರ ತಿರುಗುವ ಸ್ಟಿಯರಿಂಗ್ ಅಕ್ಷದ ಹಿಂಬಾಗು, ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಮುಖವೋ ಹೊರಮುಖವೋ ಎಂಬುದು. ಹೊಸ ಸಾಮಾನು ಒಂದೂ ಬೇಡ. ದುಡ್ಡು ಕಮ್ಮಿ ಇದ್ದವರು ಡ್ಯಾಂಪರಿಗಿಂತ ಮೊದಲು ಒಳ್ಳೆಯ ಅಲೈನ್‌ಮೆಂಟ್ ಮಾಡಿಸಿ, ತಿರುವಿನಲ್ಲಿ ಅದು ಕೊಡುವ ಲಾಭ ಅದರ ಖರ್ಚಿಗೆ ಹೋಲಿಸಿದರೆ ಬಹಳ ದೊಡ್ಡದು. ಒಂದೇ ಎಚ್ಚರಿಕೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿಗಳಲ್ಲಿ ಈ ಬೋಲ್ಟ್‌ಗಳು ಬುಷ್‌ನ ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಮೊದಲೇ ಅವು ತಿರುಗುತ್ತವೆಯೇ ನೋಡಿಕೊಳ್ಳಿ. ತಿರುಗದಿದ್ದರೆ ಕೊಯ್ದು ಹೊಸ ಬೋಲ್ಟ್, ಹೊಸ ಬುಷ್ ಹಾಕಬೇಕಾಗುತ್ತದೆ.

ಅಂಗಡಿಯವರಿಗೆ "ಕಾರ್ಖಾನೆ ಅಳತೆಗೆ ಹಾಕಿ" ಎನ್ನಬೇಡಿ, ಅಂಕಿ ಬರೆದುಕೊಡಿ. ರಸ್ತೆಗೆ ಮುಂದೆ ಕ್ಯಾಂಬರ್ ಋಣ 1.0ರಿಂದ 1.3 ಡಿಗ್ರಿ, ಹಿಂದೆ ಋಣ 1.5. ಟೋ ಎರಡೂ ಕಡೆ ಒಟ್ಟು 1.5 ಮಿ.ಮೀ. ಒಳಮುಖ. ಟ್ರ್ಯಾಕಿಗೆ ಮುಂದೆ ಋಣ 2.0ರಿಂದ 2.5, ಟೋ ಸೊನ್ನೆ. ಹಿಂದೆ ಋಣ 1.8ರಿಂದ 2.0, ಟೋ ಒಟ್ಟು 2 ಮಿ.ಮೀ. ಒಳಮುಖ. ಮುಂದಿನ ಕ್ಯಾಂಬರ್ ಸಿಕ್ಕ ಮೇಲೆ ಬೋಲ್ಟ್ ತಿರುಗಿಸಲು ಉಳಿದ ಜಾಗದಲ್ಲಿ ಎಷ್ಟು ಬರುತ್ತದೋ ಅಷ್ಟು ಕ್ಯಾಸ್ಟರ್, 4.5 ಡಿಗ್ರಿಗಿಂತ ಕಡಿಮೆಯಾಗದಿದ್ದರೆ ಸಾಕು, ಎಡಬಲ ಸಮ ಇರಬೇಕು. ಹಿಂದಿನ ಚಕ್ರದ ಟೋ ಯಾವ ಕಾರಣಕ್ಕೂ ಹೊರಮುಖ ಆಗಕೂಡದು. ಹೊರಮುಖವಾದರೆ ತಿರುವಿನ ನಡುವೆ ಆ್ಯಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಬದಿ ಹೊರಗೆ ಓಡುತ್ತದೆ. ಸ್ಟಿಯರಿಂಗ್ ಹಿಂದೆ ಚಾಲಕನಷ್ಟೇ ಭಾರ ಇಟ್ಟು, ಟ್ಯಾಂಕ್ ಅರ್ಧ ತುಂಬಿಸಿ ಅಳೆಯಿಸಿ. ಇಷ್ಟು ಹಗುರ ಗಾಡಿಯಲ್ಲಿ 75 ಕೆ.ಜಿ. ಒಂದು ಬದಿಗೆ ಬಿದ್ದರೆ ಅಂಕಿ ಗೋಚರವಾಗಿ ಬದಲಾಗುತ್ತದೆ. ಕೆಲಸದ ಕ್ರಮವೂ ಮುಖ್ಯ: ಮೊದಲು ಹಿಂದೆ, ಆಮೇಲೆ ಮುಂದೆ, ಕಟ್ಟಕಡೆಗೆ ಮುಂದಿನ ಟೋ. ಕ್ಯಾಂಬರ್ ತಿರುಗಿಸಿದಾಗಲೆಲ್ಲ ಟೋ ಹಾಳಾಗುತ್ತದೆ.

ಮರೆಯಿರುವ ಸ್ಲೀವಿನ ಇನ್ನೊಂದು ಪ್ರಯೋಜನ ಮೂಲೆ ತೂಕ ಹೊಂದಿಸುವುದು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟಾಗ ಮುಂದಿನ ಎಡ 265, ಮುಂದಿನ ಬಲ 255, ಹಿಂದಿನ ಎಡ 260, ಹಿಂದಿನ ಬಲ 240 ಕೆ.ಜಿ. ಬಂತು ಎನ್ನೋಣ. ಮುಂದಿನ ಬಲ, ಹಿಂದಿನ ಎಡ ಕೂಡಿದರೆ 515, ಒಟ್ಟು 1,020ರಲ್ಲಿ ಅದು 50.5 ಶೇಕಡಾ. ಇದನ್ನು 50ಕ್ಕೆ ತರಬೇಕಾದರೆ ಆ ಎರಡು ಮೂಲೆಗಳ ಸ್ಪ್ರಿಂಗ್ ಆಸನವನ್ನು ಕಾಲು ಸುತ್ತು ಇಳಿಸಿ, ಉಳಿದ ಎರಡನ್ನು ಕಾಲು ಸುತ್ತು ಏರಿಸಿ ಮತ್ತೆ ತೂಗಿ. ಒಂದೇ ಮೂಲೆ ತಿರುಗಿಸಿದರೆ ಗಾಡಿಯ ಎತ್ತರವೂ ಓರೆಯಾಗುತ್ತದೆ. ತೂಗುವ ಮುನ್ನ ಆಂಟಿ-ರೋಲ್ ಬಾರಿನ ಲಿಂಕ್ ಬಿಚ್ಚಿರಬೇಕು. ಅರ್ಧ ಶೇಕಡಾದ ವ್ಯತ್ಯಾಸ ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಎರಡು ಶೇಕಡಾ ಆದರೆ ಎಡಕ್ಕೆ ಒಂದು ಥರ, ಬಲಕ್ಕೆ ಇನ್ನೊಂದು ಥರ ತಿರುಗುತ್ತದೆ.

ಆಂಟಿ-ರೋಲ್ ಬಾರ್ ಬೇಕೇ? ಮುಂದಿನದು ಬೇಕು, ಹಿಂದಿನದು ಮೂಲದ್ದೇ ಇರಲಿ. ಮುಂದಿನ ಬಾರ್ ದಪ್ಪ ಮಾಡಿದರೆ ಮೂತಿ ತಿರುಗುವುದು ಕಡಿಮೆಯಾಗಬೇಕಲ್ಲವೇ ಎಂದು ಪುಸ್ತಕ ಓದಿದವರು ಕೇಳುತ್ತಾರೆ. ಲೆಕ್ಕಕ್ಕೆ ಅದು ನಿಜ, ಹೊರಚಕ್ರಕ್ಕೆ ಭಾರ ಹೆಚ್ಚು ಹೋಗುತ್ತದೆ. ಆದರೆ ಗಾಡಿ ಕಡಿಮೆ ವಾಲುವುದರಿಂದ ಹೊರಚಕ್ರ ಅಂಚಿನ ಮೇಲೆ ನಿಲ್ಲದೆ ಪೂರ್ತಿ ಮೈ ಊರಿ ನಿಲ್ಲುತ್ತದೆ, ಆ ಲಾಭ ನಷ್ಟವನ್ನು ಮೀರಿಸುತ್ತದೆ. ಜೊತೆಗೆ ಹಿಂದಿನ ಒಳಚಕ್ರ ನೆಲ ಬಿಡುವುದಿಲ್ಲ, ಎಲ್‌ಎಸ್‌ಡಿ (ಒಂದು ಚಕ್ರ ಹಗುರವಾದರೂ ಇನ್ನೊಂದಕ್ಕೆ ಬಲ ಕಳಿಸುವ ಡಿಫರೆನ್ಷಿಯಲ್) ಇಲ್ಲದ ಗಾಡಿಗೆ ಇದು ಬಹಳ ಮುಖ್ಯ. ಬಾರಿನ ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ಗಟ್ಟಿ ಬಾರ್ 19 ಮಿ.ಮೀ.ಯಿಂದ 22ಕ್ಕೆ ಹೋದರೆ 1.8 ಪಟ್ಟು. ರೇಸಿಂಗ್ ಬೀಟ್‌ನ 28.6 ಮಿ.ಮೀ. ಟೊಳ್ಳು ಬಾರ್ ಈ ಸ್ಪ್ರಿಂಗ್‌ಗಳಿಗೆ ಚೆನ್ನಾಗಿ ಜೊತೆಯಾಗುತ್ತದೆ. ಆದರೆ ಇಷ್ಟು ದಪ್ಪದ ಯಾವ ಬಾರ್ ಹಾಕಿದರೂ ಟ್ರ್ಯಾಕ್ ಗಾಡಿಯಲ್ಲಿ ಅದನ್ನು ಹಿಡಿದಿರುವ ಮೂಲ ತಗಡಿನ ಬ್ರಾಕೆಟ್ ಬಿರಿಯಬಹುದು, ಬಲಪಡಿಸಿದ ಬ್ರಾಕೆಟ್ ಜೊತೆಗೇ ಕೊಳ್ಳಿ. ಲಿಂಕ್ ಉದ್ದ ಹೊಂದಿಸಬಲ್ಲದ್ದಾಗಿರಲಿ. ಚಾಲಕ ಕೂತಿರುವಾಗ ಬೋಲ್ಟ್ ಬೆರಳಲ್ಲೇ ಒಳಹೋಗುವಷ್ಟು ಉದ್ದಕ್ಕೆ ಹೊಂದಿಸಿ, ಆಗ ಬಾರಿನಲ್ಲಿ ಮೊದಲೇ ತಿರುಚು ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೆಯೇ ಡ್ಯಾಂಪರಿನ ಗುಂಡಿಗೆ ಕೈ ಹಾಕಬೇಕು. ನಾಲ್ಕನ್ನೂ ಅತಿ ಮೃದುವಿನಲ್ಲಿ ಇಟ್ಟು ಹೊರಡಿ. ಉಬ್ಬು ದಾಟಿದ ಮೇಲೆ ಗಾಡಿ ಎರಡು ಸಲ ತೂಗಿದರೆ ಕಾಲು ಸುತ್ತು ಬಿಗಿ ಮಾಡಿ. ಒಮ್ಮೆ ಎದ್ದು ಕೂತು ನಿಂತರೆ ಅಲ್ಲಿಗೆ ರಸ್ತೆಯ ಅಳತೆ ಸಿಕ್ಕಿತು. ಟ್ರ್ಯಾಕಿಗೆ ಅದರ ಮೇಲೆ ಇನ್ನೊಂದು ಕಾಲು, ಹೆಚ್ಚೆಂದರೆ ಅರ್ಧ ಸುತ್ತು. ಒಂದು ಸಲಕ್ಕೆ ಒಂದೇ ತುದಿ ಬದಲಿಸಿ, ಬರೆದಿಡಿ. ಬ್ರೇಕ್ ಹಾಕಿ ತಿರುವಿಗೆ ಇಳಿಯುವಾಗ ಹಿಂಬದಿ ಬೇಗ ಎದ್ದು ಹಗುರವಾಗುತ್ತಿದ್ದರೆ ಹಿಂದಿನ ರಿಬೌಂಡ್ ಸ್ವಲ್ಪ ಹೆಚ್ಚಿಸಿ, ಏಳುವುದು ನಿಧಾನವಾಗುತ್ತದೆ. ತಿರುವಿನಿಂದ ಹೊರಬರುತ್ತ ಆ್ಯಕ್ಸಿಲರೇಟರ್ ಒತ್ತಿದಾಗ ಮೂತಿ ಎದ್ದು ಹೊರಕ್ಕೆ ಸರಿದರೆ ಮುಂದಿನ ರಿಬೌಂಡ್ ಹೆಚ್ಚಿಸಿ. ಅತಿಯಾದರೆ ಲಕ್ಷಣ ಸ್ಪಷ್ಟ. ಸಾಲು ಉಬ್ಬುಗಳ ಮೇಲೆ ಚಕ್ರ ಅದುಮಿದ್ದು ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ, ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕುಸಿದು ಬಂಪ್ ಸ್ಟಾಪಿಗೆ ಕೂರುತ್ತದೆ. ಚಾಲಕನಿಗೆ ಅದು "ಸ್ಪ್ರಿಂಗ್ ಗಟ್ಟಿಯಾಯಿತು" ಎಂದು ಅನಿಸುತ್ತದೆ. ನಿಜಕ್ಕೂ ಸ್ಪ್ರಿಂಗ್ ಕೆಲಸವನ್ನೇ ಬಿಟ್ಟಿರುತ್ತದೆ.

ಕ್ಯಾಲಿಫೋರ್ನಿಯದ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಈ ಹೊಂದಾಣಿಕೆಯ ಗುಣದೋಷ ಎರಡೂ ಕಾಣಸಿಗುತ್ತವೆ. 3.6 ಕಿ.ಮೀ. ಉದ್ದ, 11 ತಿರುವು. ಎಂಟನೆಯದಾದ ಕಾರ್ಕ್‌ಸ್ಕ್ರೂನಲ್ಲಿ ನೆಲ ಸುಮಾರು 18 ಮೀಟರ್ ಕೆಳಗೆ ಬೀಳುತ್ತದೆ. ಎಡಕ್ಕೆ ತಿರುಗಿಸಿ ಗಾಡಿ ಹಗುರವಾದ ಕ್ಷಣದಲ್ಲೇ ಬಲಕ್ಕೆ ಎಳೆಯಬೇಕು, ಆಮೇಲೆ ತಳದಲ್ಲಿ ಇಡೀ ಭಾರ ಒಮ್ಮೆಲೇ ಕೂರುತ್ತದೆ. ರಿಬೌಂಡ್ ವಿಪರೀತ ಬಿಗಿ ಇದ್ದರೆ ಮೇಲೆ ಚಕ್ರ ನೆಲವನ್ನು ಹಿಂಬಾಲಿಸುವುದಿಲ್ಲ, ಎತ್ತರ ಕಡಿಮೆ ಇದ್ದರೆ ತಳದಲ್ಲಿ ಬಂಪ್ ಸ್ಟಾಪ್ ಬಡಿಯುತ್ತದೆ. ಕೋನಿಯ ಸೌಮ್ಯ ಅದುಮು ತಡೆ ಇಲ್ಲಿ ಮಾತ್ರ ಸ್ವಲ್ಪ ಕೊರತೆ ಅನ್ನಿಸುತ್ತದೆ, ಉಳಿದ ಹತ್ತು ತಿರುವಿನಲ್ಲಿ ಅನ್ನಿಸುವುದಿಲ್ಲ.

ಟೈರಿನ ಗಾಳಿ ಮರೆಯುವಂತಿಲ್ಲ. ಎನ್‌ಎ ಗಾಡಿಯ ಬಾಗಿಲ ಪಟ್ಟಿಯಲ್ಲಿ ಮಾಜ್ದಾ ಬರೆದಿರುವುದು 26 ಪಿಎಸ್‌ಐ. 32 ತುಂಬಿಸುವ ಅಭ್ಯಾಸ ಇತರ ಕಾರುಗಳದ್ದು, ಈ ಹಗುರ ಗಾಡಿಗೆ ತಣ್ಣಗಿರುವಾಗ ಅದು ಹೆಚ್ಚಾಯಿತು. ಟ್ರ್ಯಾಕಿನಿಂದ ಒಳಬಂದ ಕೂಡಲೇ ಸೂಜಿ ಥರ್ಮಾಮೀಟರಿನಿಂದ ಟೈರಿನ ಒಳಅಂಚು, ನಡು, ಹೊರಅಂಚು ಅಳೆಯಿರಿ. ಒಳಅಂಚು ಹೊರಅಂಚಿಗಿಂತ 5ರಿಂದ 10 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಕ್ಯಾಂಬರ್ ಸರಿ. ಹೊರಅಂಚು ಬಿಸಿ ಇದ್ದರೆ ಋಣ ಕ್ಯಾಂಬರ್ ಇನ್ನೂ ಬೇಕು. ನಡು ಎಲ್ಲಕ್ಕಿಂತ ಬಿಸಿ ಇದ್ದರೆ ಗಾಳಿ ಹೆಚ್ಚು.

ಬೆಂಗಳೂರಿನಲ್ಲಿದ್ದುಕೊಂಡು ತಮ್ಮ ಹ್ಯಾಚ್‌ಬ್ಯಾಕಿಗೆ ಇದೇ ಅಂಕಿಗಳನ್ನು ಹಾಕಲು ಹೊರಡುವವರಿಗೆ ಒಂದು ಮಾತು. ನಮ್ಮಲ್ಲಿನ ಬಹುತೇಕ ಹ್ಯಾಚ್‌ಬ್ಯಾಕುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದನ್ನು ತಗ್ಗಿಸಿದಷ್ಟೂ ಗಾಡಿ ವಾಲಿದಾಗ ಚಕ್ರ ಋಣ ಕ್ಯಾಂಬರ್ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ಅನುಪಾತವೂ ಒಂದರ ಹತ್ತಿರ, ಹಾಗಾಗಿ 375 ಪೌಂಡ್ ಅಲ್ಲಿ ಸುಮಾರು ಎರಡು ಪಟ್ಟು ಬಿಗಿಯಾಗಿ ಬೀಳುತ್ತದೆ. ವಿಧಾನ ಅದೇ, ಅಂಕಿ ಬೇರೆ.

ಕೊನೆಗೆ ನಿರ್ವಹಣೆ. ಮರೆಗಳಿಗೆ ಕೂರಿಸುವ ದಿನವೇ ಆ್ಯಂಟಿ-ಸೀಜ್ ಹಚ್ಚಿ, ಆರು ತಿಂಗಳಿಗೊಮ್ಮೆ ವೈರ್ ಬ್ರಶ್ಶಿನ ಬದಲು ನೈಲಾನ್ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಉಪ್ಪು, ಮಣ್ಣು ಸೇರಿದ ಅಲ್ಯೂಮಿನಿಯಂ ಮರೆ ಒಮ್ಮೆ ಕಚ್ಚಿಕೊಂಡರೆ ಸ್ಪ್ಯಾನರ್ ಹಲ್ಲು ಮುರಿಯುತ್ತದೆಯೇ ಹೊರತು ರಿಂಗ್ ತಿರುಗುವುದಿಲ್ಲ. ಡ್ಯಾಂಪರ್ ದಂಡದ ಬುಡದಲ್ಲಿ ಎಣ್ಣೆಯ ತೆಳು ಮಂಜು ಕಂಡರೆ ಗಾಬರಿ ಬೇಡ. ಎಣ್ಣೆ ಮೈಮೇಲೆ ಗೆರೆಯಾಗಿ ಇಳಿದಿದ್ದರೆ ಸೀಲ್ ಹೋಗಿದೆ, ಅದನ್ನೂ ಅದೇ ಆ್ಯಕ್ಸಲ್‌ನ ಜೋಡಿಯನ್ನೂ ಒಟ್ಟಿಗೇ ಬದಲಿಸಿ.